ಮೂತ್ರಪರೀಕ್ಷೆಯ ಚೀಟಿ ಮತ್ತು ಮೈಯ ಕಾವಲುಗಾರರು



ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡದ ಮಾತುಗಳು ಕೆಲವಿವೆ. ಮೂತ್ರಕ್ಕೆ ಸಂಬಂಧಿಸಿದ ಬಾಧೆಯು ಅವುಗಳಲ್ಲೊಂದು. ಜ್ವರ ಬಂದರೆ ನೆರೆಮನೆಯವರಿಗೂ ತಿಳಿಯುತ್ತದೆ. ಮೂತ್ರ ಕೆಂಪಾದರೆ ಹೆಂಡತಿಗೂ ತಿಳಿಯದು. ಈ ಲಜ್ಜೆಯಿಂದ ಆಗುವ ಹಾನಿಯನ್ನು ನನ್ನ ಮನೆಯಲ್ಲಿಯೇ ಕಂಡವನಾದ ಕಾರಣ, ಈ ತಿಂಗಳ ಲೇಖನವನ್ನು ಸಂಕೋಚವನ್ನು ಬದಿಗಿರಿಸಿ ಬರೆಯುತ್ತಿದ್ದೇನೆ. ತಾವೂ ಹಾಗೆಯೇ ಓದಬೇಕೆಂದು ವಿನಂತಿ.

ನನ್ನ ಅಣ್ಣನವರು ಮಧುಗಿರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಾಗಿ, ಕಡಲೇಕಾಯಿ ಬೆಳೆದುಕೊಂಡು ಬಾಳಿದವರು. ನಾನು ಬಾಲ್ಯದಲ್ಲಿಯೇ ಮಠದ ಪಾಠಶಾಲೆಯನ್ನು ಸೇರಿದೆ. ಹೊಲಮನೆಗಳ ಭಾರವೆಲ್ಲ ಅವರ ಹೆಗಲಿಗೆ ಬಿತ್ತು. ಶ್ರಮಜೀವಿ, ಇದ್ದ ಒಂದೇ ಚಟವೆಂದರೆ ನಲವತ್ತು ವರ್ಷಗಳ ಬೀಡಿ. ಕೆಲವು ವರ್ಷಗಳ ಹಿಂದೆ, ಕಡಲೇಕಾಯಿ ಕೀಳುವ ಕಾಲದಲ್ಲಿ, ಒಂದು ಮುಂಜಾನೆ ಅವರ ಮೂತ್ರವು ಕುಂಕುಮ ಕದಡಿದ ನೀರಿನಂತೆ ಹೋಯಿತು. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಎರಡು ದಿನಗಳಲ್ಲಿ ತಾನಾಗಿಯೇ ತಿಳಿಯಾಯಿತು. ಅತ್ತಿಗೆಯವರಿಗೆ ಹೇಗೋ ತಿಳಿದು ಕೇಳಿದಾಗ, "ಉಷ್ಣ ಕಣೇ, ಎರಡು ಎಳನೀರು ಕುಡುದ್ರೆ ಸರಿಹೋಗ್ತದೆ" ಎಂದರಂತೆ. ಎಳನೀರು ಕುಡಿದರು, ಸರಿಹೋಯಿತು ಎಂದೇ ನಂಬಿದರು.

ನಾಲ್ಕು ತಿಂಗಳು ಕಳೆದು ಅದೇ ಕೆಂಪು ಮತ್ತೆ ಕಾಣಿಸಿತು. ಈ ಬಾರಿ ಪೇಟೆಗೆ ಹೋಗಿ ಮೂತ್ರಪರೀಕ್ಷೆ ಮಾಡಿಸಿದರು. ಚೀಟಿಯಲ್ಲಿ "ಪಸ್ ಸೆಲ್ಸ್ 18–20" ಎಂದೂ, ಕೆಂಪು ರಕ್ತಕಣಗಳು ಹೇರಳವೆಂದೂ ಬರೆದಿತ್ತು. ಸೋಂಕೆಂದು ಭಾವಿಸಿ ಒಂದು ವಾರದ ಮಾತ್ರೆಗಳನ್ನು ಕೊಟ್ಟರು. ಮೂತ್ರ ತಿಳಿಯಾಯಿತು. ಮುಂದೆ ಮೂರನೆಯ ಬಾರಿ ಹಾಗೆಯೇ ಆದಾಗ ಅತ್ತಿಗೆಯವರು ಅದುವರೆಗಿನ ಚೀಟಿಗಳನ್ನೆಲ್ಲ ಮಗನ ಕೈಯಲ್ಲಿ ನನಗೆ ಕಳುಹಿಸಿ, "ನಿಮ್ಮಣ್ಣ ನಮ್ ಮಾತು ಕೇಳಲ್ಲ, ನೀವೇ ಒಂದ್ಸಲ ನೋಡಿ ಹೇಳಿ" ಎಂದು ದೂರವಾಣಿಯಲ್ಲಿ ತಿಳಿಸಿದರು.

ನಾನು ವೈದ್ಯನಲ್ಲ. ಹಸ್ತಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪಾಠಾಂತರ ನೋಡುವುದಷ್ಟೇ ನನಗೆ ಬಂದ ವಿದ್ಯೆ. ಅದೇ ಅಭ್ಯಾಸದಿಂದ ಮೂರು ಚೀಟಿಗಳನ್ನು ಸಾಲಾಗಿಟ್ಟು ನೋಡಿದೆ. ಮಾತ್ರೆ ನುಂಗಿದ ಮೇಲೆ ಪಸ್ ಸೆಲ್‌ಗಳ ಸಂಖ್ಯೆ ಇಳಿದಿತ್ತಾದರೂ ಸಹಜಸ್ಥಿತಿಗೆ ಒಮ್ಮೆಯೂ ಬಂದಿರಲಿಲ್ಲ. ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಇಟ್ಟಾಗ ಯಾವ ರೋಗಾಣುವೂ ಬೆಳೆದಿರಲಿಲ್ಲ. ರೋಗಾಣುವಿಲ್ಲದ ಸೋಂಕು ಎಂತಹುದು? ಈ ಸಂದೇಹವನ್ನು ತುಮಕೂರಿನ ವೈದ್ಯ ಮಿತ್ರರೊಬ್ಬರ ಮುಂದಿಟ್ಟೆ. ಅವರು ಚೀಟಿಗಳನ್ನು ಒಂದು ಕ್ಷಣ ನೋಡಿ, "ನಾಳೆಯೇ ಕರೆದುಕೊಂಡು ಬನ್ನಿ" ಎಂದರು. ಮೂತ್ರರೋಗ ತಜ್ಞರು ದುರ್ಬೀನು ಹಾಕಿ ನೋಡಿದಾಗ ಮೂತ್ರಕೋಶದ ಒಳಗೋಡೆಯ ಮೇಲೆ ಹೂಕೋಸಿನಂತಹ ಸಣ್ಣ ಗಡ್ಡೆಯೊಂದು ಕಂಡಿತು. ಅದು ಅರ್ಬುದ, ಅಂದರೆ ಕ್ಯಾನ್ಸರ್. ಮೊದಲ ದಿನದ ಕೆಂಪಿನಿಂದ ಅಷ್ಟು ಹೊತ್ತಿಗೆ ಹತ್ತು ತಿಂಗಳು ಕಳೆದಿದ್ದವು.

ಆ ಚೀಟಿಯಲ್ಲಿದ್ದ ಪಸ್ ಸೆಲ್‌ಗಳು ಯಾವುವು, ಅವು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ಅಂದಿನಿಂದ ಓದಿ, ಕೇಳಿ ತಿಳಿದುಕೊಂಡಷ್ಟನ್ನು ತಮ್ಮ ಮುಂದಿಡುತ್ತೇನೆ.

ಚೀಟಿಯ ಮೇಲಿನ ಕಾವಲುಗಾರರು

ಪಸ್ ಸೆಲ್ ಎಂದರೆ ಕೀವಿನ ಕಣವೆಂದು ಜನ ಹೆದರುತ್ತಾರೆ. ವಸ್ತುತಃ ಅವು ನಮ್ಮ ರಕ್ತದ ಬಿಳಿಯ ಕಣಗಳೇ. ಮೈಯನ್ನು ಕಾಯುವ ಪ್ರತಿರಕ್ಷಣಾ ಕಣಗಳು. ಮಧುಗಿರಿಯ ಏಕಶಿಲೆಯ ಬೆಟ್ಟ, ಪಾವಗಡದ ದುರ್ಗ, ಶಿರಾದ ಕೋಟೆ, ಕೊರಟಗೆರೆ ಸೀಮೆಯ ಚನ್ನರಾಯನದುರ್ಗ ಇವುಗಳ ನಡುವೆ ಬೆಳೆದ ನಮಗೆ ಕಾವಲಿನ ಪಡೆಯೆಂದರೇನೆಂದು ವಿವರಿಸಬೇಕಾಗಿಲ್ಲ. ಎಲ್ಲಿ ಅಪಾಯವೋ ಅಲ್ಲಿಗೆ ಈ ಕಣಗಳು ರಕ್ತನಾಳಗಳಿಂದ ಹೊರಬಂದು ಸೇರುತ್ತವೆ. ಅಪಾಯವು ಮೂತ್ರಮಾರ್ಗದಲ್ಲಿದ್ದರೆ ಅವುಗಳಲ್ಲಿ ಕೆಲವು ಮೂತ್ರದೊಡನೆ ಹೊರಕ್ಕೆ ಹರಿಯುತ್ತವೆ. ಪ್ರಯೋಗಾಲಯದವರು ಮೂತ್ರವನ್ನು ಯಂತ್ರದಲ್ಲಿ ತಿರುಗಿಸಿ, ತಳಕ್ಕಿಳಿದ ಗಷ್ಟನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಒಂದು ನೋಟದಲ್ಲಿ ಕಾಣುವ ಕಣಗಳನ್ನು ಎಣಿಸಿ ಬರೆಯುತ್ತಾರೆ. ಸಾಮಾನ್ಯವಾಗಿ ಐದರ ಒಳಗಿದ್ದರೆ ಸಹಜವೆಂದು ಎಣಿಕೆ.

ಆದರೆ ಕಾವಲುಗಾರರು ಓಡಿಬಂದಿದ್ದಾರೆಂಬುದಷ್ಟೇ ಈ ಎಣಿಕೆಯಿಂದ ತಿಳಿಯುತ್ತದೆ. ಹಗೆ ಯಾರೆಂಬುದು ತಿಳಿಯುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ಹಗೆಯು ಸಾಧಾರಣ ರೋಗಾಣುವೇ ಆಗಿರುತ್ತದೆ. ಕಲ್ಲಿನ ಒರೆತವಿರಬಹುದು, ಮೂತ್ರಪಿಂಡದ ಕ್ಷಯವಿರಬಹುದು, ವಿರಳವಾಗಿ ಅರ್ಬುದವೂ ಇರಬಹುದು. ಆದುದರಿಂದ ಪಸ್ ಸೆಲ್ ಹೆಚ್ಚಾದೊಡನೆ ಅರ್ಬುದವೆಂದು ಎದೆಗುಂದಬೇಕಾಗಿಲ್ಲ. ಆದರೆ ಔಷಧ ಕೊಟ್ಟರೂ ಅವು ಇಳಿಯದೆ, ಕಲ್ಚರ್‌ನಲ್ಲಿ ರೋಗಾಣುವೂ ಕಾಣದೆ, ಜೊತೆಗೆ ರಕ್ತವೂ ಕಾಣುತ್ತಿದ್ದರೆ, ಮಾತ್ರೆಯನ್ನು ಬದಲಾಯಿಸುವುದು ಪರಿಹಾರವಲ್ಲ, ಕಾರಣವನ್ನು ಹುಡುಕಬೇಕು.

ಉಷ್ಣವೆಂಬ ಮಾತಿನ ಬಗೆಗೆ

ಮೂತ್ರ ಕೆಂಪಾದರೆ ಉಷ್ಣ, ಪಿತ್ತ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದಕ್ಕೆ ಶಾಸ್ತ್ರದ ಹಿನ್ನೆಲೆಯಿದೆ. ಆಯುರ್ವೇದ ಗ್ರಂಥಗಳು ಪಿತ್ತದಿಂದಾಗುವ ಪ್ರಮೇಹಗಳಲ್ಲಿ ರಕ್ತವರ್ಣದ ಮೂತ್ರವನ್ನೂ ಹೇಳುತ್ತವೆ. ಆದರೆ ಅದೇ ಚರಕಸಂಹಿತೆಯು, ಪ್ರಮೇಹದ ಪೂರ್ವಲಕ್ಷಣಗಳಿಲ್ಲದೆ ಮೂತ್ರ ಕೆಂಪಾದರೆ ಅದನ್ನು ಪ್ರಮೇಹವೆಂದು ಕರೆಯಬಾರದು, ಬೇರೆ ವ್ಯಾಧಿಯೆಂದು ತಿಳಿಯಬೇಕೆಂದು ಎಚ್ಚರಿಸುತ್ತದೆ. ಸುಶ್ರುತನು ಬಸ್ತಿಯನ್ನು, ಅಂದರೆ ಮೂತ್ರಕೋಶವನ್ನು, ಪ್ರಾಣಕ್ಕೆ ಸಂಬಂಧಿಸಿದ ಮರ್ಮಗಳಲ್ಲಿ ಎಣಿಸಿದ್ದಾನೆ. ಲಕ್ಷಣವೊಂದೇ ಆದರೂ ಕಾರಣಗಳು ಹಲವು, ವಿಂಗಡಿಸಿ ನೋಡಬೇಕೆಂಬುದು ಶಾಸ್ತ್ರದ ಅಭಿಪ್ರಾಯ. ಎಳನೀರು ಕುಡಿದು ಸುಮ್ಮನಿರೆಂದು ಯಾವ ಸಂಹಿತೆಯೂ ಹೇಳಿಲ್ಲ. ಶಾಸ್ತ್ರದ ಒಂದು ಪದವನ್ನು ಹಿಡಿದುಕೊಂಡು ಅದರ ವಿವೇಕವನ್ನು ಕೈಬಿಟ್ಟವರು ನಾವು.

ಮೂತ್ರಕೋಶದ ಅರ್ಬುದದಲ್ಲಿ ರಕ್ತಸ್ರಾವದ ರೀತಿಯೇ ಮೋಸದ್ದು. ಅದು ನೋವಿಲ್ಲದೆ ಬರುತ್ತದೆ, ತಾನಾಗಿಯೇ ನಿಲ್ಲುತ್ತದೆ, ವಾರಗಳೋ ತಿಂಗಳುಗಳೋ ಕಳೆದು ಮರಳುತ್ತದೆ. ನಿಂತಾಗ ನಾವು ಆಗ ಸೇವಿಸಿದ ಪದಾರ್ಥಕ್ಕೆ ಕೀರ್ತಿ ಕೊಡುತ್ತೇವೆ. ಅಣ್ಣನವರ ಮೊದಲ ಬಾರಿಯ ಕೆಂಪನ್ನು ಎಳನೀರು ನಿಲ್ಲಿಸಲಿಲ್ಲ, ಎರಡನೆಯ ಬಾರಿಯದನ್ನು ಮಾತ್ರೆಗಳೂ ನಿಲ್ಲಿಸಲಿಲ್ಲ. ನಿಲ್ಲುವುದು ಆ ರೋಗದ ಸ್ವಭಾವವೇ ಆಗಿತ್ತು.

ಹೊಗೆಯೂ ಬಣ್ಣವೂ

ಜಗತ್ತಿನಲ್ಲಿ 2020ರಲ್ಲಿ ಸುಮಾರು 5 ಲಕ್ಷ 73 ಸಾವಿರ ಜನರಲ್ಲಿ ಈ ರೋಗವು ಹೊಸದಾಗಿ ಪತ್ತೆಯಾಯಿತೆಂದು ಅಂದಾಜಿದೆ. ಸ್ತ್ರೀಯರಿಗಿಂತ ಪುರುಷರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಬಹುತೇಕ ಐವತ್ತು ದಾಟಿದವರಲ್ಲಿ. ಕಾರಣಗಳಲ್ಲಿ ತಂಬಾಕಿನ ಹೊಗೆಯೇ ಅಗ್ರಗಣ್ಯ. ಬೀಡಿಯನ್ನು ಸೇದುವುದು ಶ್ವಾಸಕೋಶಕ್ಕೆ, ಮೂತ್ರಕೋಶಕ್ಕೂ ಅದಕ್ಕೂ ಏನು ಸಂಬಂಧವೆಂದು ಅಣ್ಣನವರು ಕೇಳಿದ್ದುಂಟು. ಹೊಗೆಯಲ್ಲಿರುವ ವಿಷಗಳು ರಕ್ತಕ್ಕೆ ಸೇರುತ್ತವೆ. ಮೂತ್ರಪಿಂಡಗಳು ಅವನ್ನು ಸೋಸಿ ಮೂತ್ರಕ್ಕೆ ಬಿಡುತ್ತವೆ. ಮೂತ್ರಕೋಶದಲ್ಲಿ ಆ ವಿಷದ ನೀರು ಗಂಟೆಗಟ್ಟಲೆ ನಿಂತಿರುತ್ತದೆ. ನಲವತ್ತು ವರ್ಷ ಹೀಗೆ ನೆನೆದ ಗೋಡೆಯು ಕೆಡದೆ ಹೇಗಿದ್ದೀತು?

ಎರಡನೆಯ ಕಾರಣವು ಕೆಲವು ರಾಸಾಯನಿಕ ಬಣ್ಣಗಳು. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ಎಂಬವರು ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಈ ರೋಗವನ್ನು ಗುರುತಿಸಿ ಲೋಕಕ್ಕೆ ತಿಳಿಸಿದರು. ಅಪಾಯಕಾರಿಯಾದ ಹಲವು ಬಣ್ಣಗಳನ್ನು ಭಾರತ ಸರ್ಕಾರವು 1990ರ ದಶಕದಲ್ಲಿ ನಿಷೇಧಿಸಿತು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಂತಹ ನೇಕಾರರ ಊರುಗಳಲ್ಲಿ ನೂಲಿಗೆ ಬಣ್ಣ ಹಾಕುವವರು ಕೈಗವಸು ತೊಡುವುದು, ಬಣ್ಣದ ಕೈಯಲ್ಲಿ ಉಣ್ಣದಿರುವುದು ಸಣ್ಣ ಮಾತೆಂದು ತಿಳಿಯಬಾರದು.

ನಮ್ಮ ಸೀಮೆಯ ಕೊಳವೆಬಾವಿಯ ನೀರಿನ ಬಗೆಗೂ ಜನ ಕೇಳುತ್ತಾರೆ. ಪಾವಗಡ, ಶಿರಾ, ಮಧುಗಿರಿ ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿರುವುದು ಪ್ರಸಿದ್ಧ. ಅದರಿಂದ ಹಲ್ಲು ಮೂಳೆಗಳು ಕೆಡುತ್ತವೆ. ಆದರೆ ಮೂತ್ರಕೋಶದ ಅರ್ಬುದಕ್ಕೆ ಅದು ಕಾರಣವೆಂದು ಸಿದ್ಧಪಟ್ಟಿಲ್ಲ. ನೀರಿನಲ್ಲಿ ಸೇರಿ ಈ ರೋಗವನ್ನು ತರುವುದೆಂದು ತೈವಾನ್, ಚಿಲಿ ದೇಶಗಳಲ್ಲಿ ಸಿದ್ಧವಾಗಿರುವುದು ಆರ್ಸೆನಿಕ್ ಎಂಬ ಪಾಷಾಣ. ನೀರಿನ ಮೇಲೆ ದೋಷ ಹೊರಿಸಿ ಬೀಡಿಯನ್ನು ಮುಂದುವರಿಸುವುದು ಆತ್ಮವಂಚನೆಯಾದೀತು.

ಅದೇ ಸಂಖ್ಯೆ, ಬೇರೆ ಅರ್ಥ

ಅಣ್ಣನವರ ಗಡ್ಡೆಯು ಇನ್ನೂ ಮೂತ್ರಕೋಶದ ಮಾಂಸಲ ಪದರಕ್ಕೆ ಇಳಿದಿರಲಿಲ್ಲ. ಪತ್ತೆಯಾದಾಗ ನಾಲ್ವರಲ್ಲಿ ಸುಮಾರು ಮೂವರ ಸ್ಥಿತಿ ಹೀಗೆಯೇ ಇರುತ್ತದೆಂಬುದು ಸಮಾಧಾನದ ಸಂಗತಿ. ದುರ್ಬೀನಿನ ಮಾರ್ಗದಿಂದಲೇ ಅದನ್ನು ಕೆರೆದು ತೆಗೆದರು. ಅನಂತರ ವಾರಕ್ಕೊಮ್ಮೆಯಂತೆ ಆರು ವಾರ ಮೂತ್ರಕೋಶದೊಳಕ್ಕೆ ಬಿ.ಸಿ.ಜಿ. ಔಷಧವನ್ನು ತುಂಬಿದರು. ಹೌದು, ನಮ್ಮ ಮಕ್ಕಳ ತೋಳಿನ ಮೇಲೆ ಕ್ಷಯದ ತಡೆಗೆಂದು ಹಾಕಿಸುವ ಅದೇ ಬಿ.ಸಿ.ಜಿ. ಇದನ್ನು ಮೂತ್ರಕೋಶದ ಅರ್ಬುದಕ್ಕೆ ಬಳಸಿ ಫಲ ಕಂಡುದನ್ನು ಕೆನಡಾ ದೇಶದ ವೈದ್ಯ ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಬಲಹೀನಗೊಳಿಸಿದ ಆ ರೋಗಾಣುವನ್ನು ಕಂಡು ಮೈಯ ಕಾವಲುಪಡೆಯು ಎಚ್ಚತ್ತು ಮೂತ್ರಕೋಶಕ್ಕೆ ಧಾವಿಸುತ್ತದೆ. ಅಲ್ಲಿ ಉಳಿದಿರಬಹುದಾದ ಅರ್ಬುದದ ಜೀವಕೋಶಗಳನ್ನೂ ಹುಡುಕಿ ನಾಶಮಾಡುತ್ತದೆ.

ಈ ಚಿಕಿತ್ಸೆಯ ನಡುವೆ ಮೂತ್ರಪರೀಕ್ಷೆ ಮಾಡಿಸಿದಾಗ ಚೀಟಿಯಲ್ಲಿ ಪಸ್ ಸೆಲ್ ಹೇರಳವೆಂದು ಬಂದಿತು. ಅತ್ತಿಗೆಯವರು ಕಣ್ಣೀರು ಹಾಕಿದರು. ವೈದ್ಯರು ನಕ್ಕು, "ಅಮ್ಮಾ, ಇವು ಬರಲೆಂದೇ ನಾವು ಔಷಧ ಹಾಕಿದ್ದು" ಎಂದರು. ಬಿ.ಸಿ.ಜಿ. ಹಾಕಿದ ಕೆಲವೇ ಗಂಟೆಗಳಲ್ಲಿ ಬಿಳಿಯ ಕಣಗಳು ಮೂತ್ರದಲ್ಲಿ ಕಾಣತೊಡಗುತ್ತವೆಯಂತೆ. ಹಿಂದೆ ಎಚ್ಚರಿಕೆಯಾಗಿದ್ದ ಸಂಖ್ಯೆಯೇ ಇಂದು ಚಿಕಿತ್ಸೆಯು ನಾಟುತ್ತಿರುವ ಗುರುತಾಗಿತ್ತು. ಜ್ವರವು ಬಿಡದೆ ಕಾಡಿದರೆ ಮಾತ್ರ ತಡಮಾಡದೆ ತಿಳಿಸಬೇಕೆಂದು ಅವರು ಹೇಳಿದರು. ಸಂಖ್ಯೆಯು ತಾನಾಗಿ ಮಾತಾಡುವುದಿಲ್ಲ, ಸಂದರ್ಭವೇ ಅದಕ್ಕೆ ಅರ್ಥ ಕೊಡುತ್ತದೆಂಬುದನ್ನು ಅಂದು ನಾನು ಮನಗಂಡೆ. ಶಬ್ದಗಳ ವಿಷಯದಲ್ಲಿ ನಮಗೆ ಗುರುಗಳು ಬೋಧಿಸಿದ್ದೂ ಇದನ್ನೇ.

ಬಂದವರು ಯಾರೆಂಬ ವಿಚಾರ

ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನಿಗಳು ಕೇಳುತ್ತಿರುವ ಪ್ರಶ್ನೆಯೂ ಇದೇ ಬಗೆಯದು. ಮೂತ್ರದಲ್ಲಿ ಬಿಳಿಯ ಕಣಗಳು ಎಷ್ಟಿವೆ ಎಂಬುದಷ್ಟೇ ಸಾಲದು. ಅವು ಯಾವ ಜಾತಿಯವು, ಕಾದುವವೋ ಅಥವಾ ಕಾದುವವರನ್ನು ತಡೆಯುವವೋ ಎಂಬುದನ್ನು ತಿಳಿಯಬೇಕು. ಏಕೆಂದರೆ ಕಾವಲುಪಡೆಯಲ್ಲಿ ಎರಡು ಬಗೆಯವರೂ ಇದ್ದಾರೆ. ಟಿ ಕಣಗಳೆಂಬವು ಅರ್ಬುದವನ್ನು ಗುರುತಿಸಿ ಕೊಲ್ಲಬಲ್ಲವು. ಬೇರೊಂದು ಬಗೆಯ ಕಣಗಳು ಆ ಟಿ ಕಣಗಳ ಕೈಗಳನ್ನೇ ಕಟ್ಟಿಹಾಕುತ್ತವೆ. ಬಿ.ಸಿ.ಜಿ. ಚಿಕಿತ್ಸೆ ಪಡೆದವರ ಮೂತ್ರವನ್ನು ಪರೀಕ್ಷಿಸಿದ ಸ್ವಿಟ್ಸರ್ಲೆಂಡಿನ ಸಂಶೋಧಕರು, ತಡೆಯುವ ಕಣಗಳ ಕೈ ಮೇಲಾಗಿದ್ದವರಲ್ಲಿ ರೋಗವು ಬೇಗ ಮರುಕಳಿಸುತ್ತದೆಂದು 2017ರಲ್ಲಿ ವರದಿ ಮಾಡಿದರು.

ಮರುವರ್ಷ, 2018ರಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೂತ್ರಕೋಶದ ಅರ್ಬುದವು ಆಳಕ್ಕಿಳಿದ ರೋಗಿಗಳ ಮೂತ್ರದಿಂದ ಟಿ ಕಣಗಳನ್ನು ಬೇರ್ಪಡಿಸಿ, ಗಡ್ಡೆಯೊಳಗಿನ ಟಿ ಕಣಗಳೊಡನೆ ಹೋಲಿಸಿದರು. ಪ್ರತಿಯೊಂದು ಟಿ ಕಣವೂ ಹಗೆಯನ್ನು ಗುರುತಿಸಲು ತನ್ನ ಮೇಲ್ಮೈಯಲ್ಲಿ ಒಂದು ವಿಶಿಷ್ಟ ಗ್ರಾಹಕವನ್ನು ಹೊತ್ತಿರುತ್ತದೆ. ಬೀಗಕ್ಕೆ ಬೀಗದ ಕೈ ಇದ್ದಂತೆ. ಗಡ್ಡೆಯಲ್ಲಿದ್ದ ಗ್ರಾಹಕಗಳೇ ಮೂತ್ರದ ಕಣಗಳಲ್ಲಿಯೂ ಕಂಡುಬಂದವು. ರಕ್ತದ ಕಣಗಳಿಗಿಂತ ಮೂತ್ರದ ಕಣಗಳೇ ಗಡ್ಡೆಯ ಒಳಸುದ್ದಿಯನ್ನು ಚೆನ್ನಾಗಿ ತಿಳಿಸಿದವು. ಗಡ್ಡೆಯನ್ನು ಕತ್ತರಿಸಿ ನೋಡದೆಯೇ ಅದರೊಳಗಿನ ಕಾಳಗವನ್ನು ಮೂತ್ರದ ಬಟ್ಟಲಿನಲ್ಲಿ ನೋಡುವ ದಾರಿಯೊಂದು ಇದರಿಂದ ತೆರೆದಿದೆ.

ಇದರ ಪ್ರಯೋಜನವೇನು? ಕಾವಲುಪಡೆಯ ಕಟ್ಟನ್ನು ಬಿಚ್ಚುವ ಹೊಸ ಔಷಧಗಳು ಈ ಅರ್ಬುದಕ್ಕೆ 2016ರಿಂದ ಬಳಕೆಗೆ ಬಂದಿವೆ. ಆ ತತ್ತ್ವವನ್ನು ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪಾರಿತೋಷಕ ಸಂದಿತು. ಆದರೆ ಆ ಔಷಧಗಳು ಬಹು ದುಬಾರಿ, ಎಲ್ಲರಿಗೂ ಫಲಿಸುವುದೂ ಇಲ್ಲ. ಹೊಲ ಮಾರಿ ಔಷಧ ಕೊಳ್ಳುವ ಮುನ್ನ ಅದು ಫಲಿಸುವುದೇ ಎಂದು ಮೂತ್ರದ ಕಣಗಳಿಂದಲೇ ತಿಳಿಯುವಂತಾದರೆ ಎಷ್ಟು ಮನೆಗಳು ಉಳಿದಾವು!

ಆದರೆ ಬಂಧುಗಳೇ, ಇದು ಇನ್ನೂ ಸಂಶೋಧನೆಯ ಅಂಗಳದಲ್ಲಿರುವ ವಿದ್ಯೆ. ಕೆಲವೇ ರೋಗಿಗಳಲ್ಲಿ ಪರೀಕ್ಷಿಸಿದುದು. ನಮ್ಮ ಪೇಟೆಯ ಪ್ರಯೋಗಾಲಯಗಳು ಇದನ್ನು ಮಾಡಲಾರವು. ಇಂದಿಗೂ ನಿರ್ಣಯ ಕೊಡುವುದು ದುರ್ಬೀನಿನ ಪರೀಕ್ಷೆಯೇ. 1877ರಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ನಿಟ್ಸೆ ಎಂಬ ವೈದ್ಯರು ರೂಪಿಸಿದ ಉಪಕರಣದ ಸಂತತಿಯದು ಅದು. ಅದರ ಜೊತೆಗೆ, ಮೂತ್ರದಲ್ಲಿ ಉದುರಿಬಂದ ಅರ್ಬುದದ ಜೀವಕೋಶಗಳನ್ನೇ ಸೂಕ್ಷ್ಮದರ್ಶಕದಲ್ಲಿ ಹುಡುಕುವ ಪರೀಕ್ಷೆಯಿದೆ. 1945ರಲ್ಲಿ ಪಾಪನಿಕೊಲೌ ಮತ್ತು ಮಾರ್ಷಲ್ ಎಂಬವರು ಇದನ್ನು ವಿವರಿಸಿದರು. ಉಗ್ರವಾದ ಅರ್ಬುದವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಸೌಮ್ಯವಾದುದನ್ನು ಹಲವೊಮ್ಮೆ ತಪ್ಪಿಸುತ್ತದೆ. ಆದುದರಿಂದ ಆ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ದುರ್ಬೀನಿನ ಪರೀಕ್ಷೆಯನ್ನು ಬಿಡಬಾರದು.

ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಿಗೆ

ಮೊದಲನೆಯದಾಗಿ, ಕಣ್ಣಿಗೆ ಕಾಣುವಂತೆ ಮೂತ್ರದಲ್ಲಿ ರಕ್ತವು ಒಮ್ಮೆ ಬಂದರೂ ಸಾಕು, ನೋವಿಲ್ಲದಿದ್ದರಂತೂ ಅವಶ್ಯವಾಗಿ, ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಬೇಕು. ನಿಂತುಹೋಯಿತೆಂಬುದು ಸುಮ್ಮನಿರಲು ಕಾರಣವಲ್ಲ. ಕಲ್ಲು, ಸೋಂಕು, ಪ್ರಾಸ್ಟೇಟ್ ಗ್ರಂಥಿಯ ಊತ ಇವುಗಳಿಂದಲೂ ರಕ್ತ ಬರುತ್ತದೆ. ಯಾವುದೆಂದು ನಿರ್ಣಯಿಸುವವರು ವೈದ್ಯರು, ನಾವಲ್ಲ.

ಎರಡನೆಯದಾಗಿ, ಪರೀಕ್ಷೆಯ ಚೀಟಿಗಳನ್ನು ಎಸೆಯಬೇಡಿ. ದಿನಾಂಕದ ಕ್ರಮದಲ್ಲಿ ಒಂದು ಚೀಲದಲ್ಲಿಡಿ. ಒಂದು ಚೀಟಿ ಹೇಳದುದನ್ನು ಮೂರು ಚೀಟಿಗಳು ಹೇಳುತ್ತವೆ.

ಮೂರನೆಯದಾಗಿ, ತಾಯಂದಿರ ವಿಷಯ. ಮುಟ್ಟು ನಿಂತ ಬಳಿಕ ಕಾಣುವ ರಕ್ತವು ಗರ್ಭಕೋಶದ್ದೋ ಮೂತ್ರದ್ದೋ ಎಂದು ವಿವೇಚಿಸದೆ, ಯಾರಿಗೂ ಹೇಳದೆ ನುಂಗಿಕೊಳ್ಳುವವರು ಬಹಳ. ಉರಿಮೂತ್ರವೆಂದು ಮತ್ತೆ ಮತ್ತೆ ಮಾತ್ರೆ ನುಂಗುತ್ತ ತಿಂಗಳುಗಳನ್ನು ಕಳೆಯುವವರೂ ಸ್ತ್ರೀಯರೇ ಹೆಚ್ಚು. ಸೊಸೆಯಂದಿರೂ ಹೆಣ್ಣುಮಕ್ಕಳೂ ಈ ಮಾತನ್ನು ತಾವಾಗಿಯೇ ಕೇಳಿ ತಿಳಿಯಬೇಕು.

ನಾಲ್ಕನೆಯದಾಗಿ, ದೂರದ ಅಂಜಿಕೆ. ಕೊರಟಗೆರೆಯಿಂದ ತುಮಕೂರು ಒಂದು ಗಂಟೆಯ ದಾರಿ. ಪಾವಗಡದವರಿಗೆ ಸುಮಾರು ನೂರು ಕಿಲೋಮೀಟರಿನ ಪ್ರಯಾಣ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಿದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರರೋಗಗಳಿಗೆಂದೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಚೀಟಿಯ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಸೌಲಭ್ಯವುಂಟು. ತಾಲ್ಲೂಕು ಆಸ್ಪತ್ರೆಯಿಂದ ಶಿಫಾರಸು ಪತ್ರವನ್ನು ಬರೆಸಿಕೊಂಡು ಹೋಗುವುದನ್ನು ಮರೆಯಬಾರದು.

ಕೊನೆಯದಾಗಿ, ಬೀಡಿ ಸಿಗರೇಟು. ರೋಗ ಬಂದ ಮೇಲೆ ಬಿಡುವುದಕ್ಕಿಂತ ಬರುವ ಮುನ್ನ ಬಿಡುವುದು ಜಾಣತನ. ಬಂದ ಮೇಲಾದರೂ ಬಿಡುವುದು ಕರ್ತವ್ಯ.

ಅಣ್ಣನವರು ಬಿಟ್ಟರು. ಎರಡು ವರ್ಷಗಳ ಬಳಿಕ ಒಂದು ಸಣ್ಣ ಗಡ್ಡೆ ಮರುಕಳಿಸಿತು. ತಪಾಸಣೆಯ ದಿನಾಂಕವನ್ನು ಅತ್ತಿಗೆಯವರು ತಪ್ಪಿಸಲು ಬಿಡದಿದ್ದುದರಿಂದ ಅದು ಕಾಳಿನಷ್ಟಿರುವಾಗಲೇ ಸಿಕ್ಕಿತು, ತೆಗೆದರು. ಈ ರೋಗವು ಮರಳಿ ಬರುವ ಸ್ವಭಾವದ್ದಾದ ಕಾರಣ ತಪಾಸಣೆಯು ವರ್ಷಾನುಗಟ್ಟಲೆ ನಡೆಯಬೇಕು. ಈಗಲೂ ಅವರು ಹೊಲಕ್ಕೆ ಹೋಗುತ್ತಾರೆ. ಹೊಸ ಚೀಟಿ ಬಂದಾಗಲೆಲ್ಲ ಅತ್ತಿಗೆಯವರು ಅದನ್ನು ಹಳೆಯ ಚೀಟಿಗಳ ಪಕ್ಕದಲ್ಲಿಟ್ಟು, ಕನ್ನಡಕ ಹಾಕಿಕೊಂಡು, ಅಂಕಿಗಳನ್ನು ಒಂದೊಂದಾಗಿ ಓದಿ ನನಗೆ ದೂರವಾಣಿಯಲ್ಲಿ ಹೇಳುತ್ತಾರೆ. ನಾಲ್ಕನೆಯ ತರಗತಿಯವರೆಗೆ ಓದಿದ ಆ ತಾಯಿಯು ಕಲಿತುಕೊಂಡ ಈ ಎಚ್ಚರವು ಪ್ರತಿ ಮನೆಯಲ್ಲಿಯೂ ಇರಲೆಂದು ಹಾರೈಸುತ್ತೇನೆ.